ದೊಡ್ಡಮ್ಮ ಕಳಚಿದ ಬಾಗಿಲು

ನಮ್ಮ ಲಾಂಡ್ರಿಯ ದೊಡ್ಡಮ್ಮ ನನಗೆ ಸ್ವಂತ ದೊಡ್ಡಮ್ಮನೇನಲ್ಲ. ಹೋಟೆಲುಗಳ ಬೆಡ್‌ಶೀಟು, ದಿಂಬಿನ ಕವರು ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ಜಾಗದಲ್ಲಿ ಅವಳು ಎಲ್ಲರಿಗೂ ದೊಡ್ಡಮ್ಮ. ಮದುವೆಯಾದ ವರ್ಷವೇ ಇಸ್ತ್ರಿ ಕೋಣೆಗೆ ಬಂದವಳು. ಬಡಗಿಯಾಗಿದ್ದ ಗಂಡ ತೀರಿಕೊಂಡ ಮೇಲೂ ಅದೇ ಹಬೆಯಲ್ಲಿ ನಿಂತು ಮಗಳನ್ನು ದಡ ಮುಟ್ಟಿಸಿದಳು. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಉಪಕರಣದ ಚೀಲ ಒಂದೇ.

ಕೋಣೆಯ ಹಿಂಬಾಗಿಲು ಮುಚ್ಚಿರಬೇಕೆಂಬುದು ಸೂಪರ್‌ವೈಸರ್ ನಿಯಮ. ಬೀದಿಯ ಧೂಳು ಬಿಳಿ ಬಟ್ಟೆಗೆ ಕೂರುತ್ತದಂತೆ. ಮೊದಲೆಲ್ಲ ಹೇಗೋ ನಡೆಯುತ್ತಿತ್ತು. ಈಗಿನ ಬೇಸಿಗೆ ಬೇಗ ಬರುತ್ತದೆ, ಬಂದ ಮೇಲೆ ಹೋಗುವ ಮಾತೇ ಆಡುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದಾಗಲೇ ಗೋಡೆ ಬಿಸಿ. ಅದರ ಮೇಲೆ ನಮ್ಮದೊಂದು ಪದ್ಧತಿ: ನೀರು ಕುಡಿಯದಿರುವುದು. ಕುಡಿದರೆ ಅಂಗಳದಾಚೆಯ ಕಕ್ಕಸಿಗೆ ಹೋಗಬೇಕು, ಹೋದರೆ ಸೂಪರ್‌ವೈಸರ್ ಗಂಟುಮುಖದ ಮುಂದೆಯೇ ಹಾಯಬೇಕು. ಈ ವಿದ್ಯೆಯಲ್ಲಿ ನಾನು ಎಲ್ಲರಿಗಿಂತ ಮುಂದು.

ಆ ಮಧ್ಯಾಹ್ನ ತಲೆ ಸಿಡಿಯುತ್ತಿದ್ದರೂ ಜಂಬ ಕೊಚ್ಚಿಕೊಂಡೆ. "ನೋಡು ದೊಡ್ಡಮ್ಮ, ಒಂದು ಹನಿ ಬೆವರಿಲ್ಲ. ಮೈ ಪಳಗಿಬಿಟ್ಟಿದೆ."

ಅವಳು ನನ್ನ ತೋಳು ಮುಟ್ಟಿದಳು. "ಪಳಗಿಲ್ವೋ ಪೆದ್ದ, ಬೇಯ್ತಿದೆ. ಕೂತ್ಕೋ."

ನಾನು ಕೂರಲಿಲ್ಲ. ಒಳಗೆ ಬಂದ ಸೂಪರ್‌ವೈಸರ್ ಅವರ ಕೈ ಹಿಡಿದು "ಅಮ್ಮಾ, ಊಟಕ್ಕೆ ಬಡಿಸು" ಎಂದೆನಂತೆ. ಅಷ್ಟು ಪ್ರೀತಿಯಿಂದ ಅವರನ್ನು ಯಾರೂ ಮಾತಾಡಿಸಿರಲಿಕ್ಕಿಲ್ಲ. ಆಮೇಲೆ ದೊಪ್ಪೆಂದು ಬಿದ್ದೆ. ದೊಡ್ಡಮ್ಮ ಹಿಂಬಾಗಿಲು ತೆರೆದು, ನನ್ನನ್ನು ಗಾಳಿಗೆ ಎಳೆದು, ನೆನೆಸಿದ ಬೆಡ್‌ಶೀಟು ಸುತ್ತಿ, ಬಕೆಟ್‌ಗಟ್ಟಲೆ ನೀರು ಸುರಿದಳಂತೆ. ಇನ್ನಷ್ಟು ತಡವಾಗಿದ್ದರೆ ಮಿದುಳು, ಮೂತ್ರಪಿಂಡ ಎರಡೂ ಕೈಕೊಡುತ್ತಿದ್ದವು ಎಂದರು ಡಾಕ್ಟರು. ಮಿದುಳಿನ ವಿಷಯಕ್ಕೆ ಮನೆಯವರು ಅಷ್ಟೇನೂ ಗಾಬರಿಯಾಗಲಿಲ್ಲ.

ನಾನು ಕೆಲಸಕ್ಕೆ ಮರಳಿದಾಗ ಹಿಂಬಾಗಿಲಿಗೆ ಹೊಸ ಬೀಗ.

"ಇನ್ನೊಬ್ರು ಬಿದ್ರೆ ಸಾರ್?" ದೊಡ್ಡಮ್ಮ ಕೇಳಿದಳು.

"ಬೀಳೋರು ಮನೇಲೇ ಇರ್ಲಿ" ಎಂದರು ಸೂಪರ್‌ವೈಸರ್.

ಮರುದಿನ ಅವಳು ಗಂಡನ ಚೀಲ ಹೆಗಲಿಗೇರಿಸಿ ಬಂದಳು. ಬೀಗದ ತಂಟೆಗೇ ಹೋಗಲಿಲ್ಲ. ಬಾಗಿಲ ಕೀಲುಗಳ, ಚಿಲಕದ ಕೊಂಡಿಯ ಸ್ಕ್ರೂಗಳನ್ನು ಬಿಚ್ಚಿ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಕಳಚಿದ ಬಾಗಿಲನ್ನು ಎರಡು ಡ್ರಮ್ಮುಗಳ ಮೇಲೆ ಅಡ್ಡ ಮಲಗಿಸಿ, ಬಟ್ಟೆ ಹಾಸಿ, ದಿಂಬಿನ ಕವರು ಮಡಚತೊಡಗಿದಳು. ಧೂಳಿಗೆ ಅಡ್ಡವಾಗಿ ಹರಿದ ಬೆಡ್‌ಶೀಟೊಂದನ್ನು ನೆನೆಸಿ ತೂಗುಬಿಟ್ಟಳು.

"ಬಾಗಿಲೆಲ್ಲಿ?" ಎಂದರು ಸೂಪರ್‌ವೈಸರ್.

"ಮೇಜು ಮಾಡ್ಕೊಂಡ್ವಿ ಸಾರ್. ನಿಮ್ಮ ಬೀಗ ಮಾತ್ರ ಮುಟ್ಟಿಲ್ಲ."

"ಈಗ್ಲೇ ಕೂರ್ಸು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಬರ್ತೀನಿ. ನೀವು ಈ ಹಬೇಲಿ ನನ್ನ ಪಕ್ಕ ಒಂದು ಪಾಳಿ ನಿಂತ್ಕೊಳಿ. ಆಮೇಲೂ ಬೇಕು ಅಂದ್ರೆ ನಾನೇ ಕೂರಿಸ್ತೀನಿ."

ಅವರು ನನ್ನತ್ತ ತಿರುಗಿದರು. "ಸ್ಕ್ರೂ ಕೊಡೋ."

ಕೈ ತನ್ನಷ್ಟಕ್ಕೇ ಜೇಬಿಗೆ ಹೊರಟಿತ್ತು. ಹೇಳಿದಂತೆ ಕೇಳುವುದು ಅದರ ಹಳೇ ಚಾಳಿ. ತಡೆದೆ. "ಗೊತ್ತಿಲ್ಲ ಸಾರ್. ಮಿದುಳಿಗೆ ಬಿಸಿ ತಾಗಿದ್ಮೇಲೆ ಏನೂ ನೆನಪಿರಲ್ಲ."

ಯಾರೋ ಕಿಸಕ್ಕೆಂದರು. ಇಸ್ತ್ರಿಯವರು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿದರು. ಹೊರಗೆ ಹೋಟೆಲಿನ ಗಾಡಿ ಹಾರನ್ ಹೊಡೆಯಿತು, ಮತ್ತೆ ಹೊಡೆಯಿತು.

"ಗಾಡಿ ಕಾಯ್ತಿದೆ, ಕೆಲ್ಸ ನೋಡಿ" ಎಂದು ಸೂಪರ್‌ವೈಸರ್ ಹೊರಟುಹೋದರು.

ದೊಡ್ಡಮ್ಮ ತನ್ನ ಬಾಟಲಿಯನ್ನು ನನ್ನ ಕೈಗಿಟ್ಟಳು. "ಕುಡಿ. ಪೂರ್ತಿ."

ಕುಡಿದೆ. ಸ್ವಲ್ಪ ಹೊತ್ತಿಗೇ ಅಂಗಳ ದಾಟಿ, ಸೂಪರ್‌ವೈಸರ್ ಎದುರಿಗೇ, ನಿಧಾನವಾಗಿ ಕಕ್ಕಸಿನ ಕಡೆ ನಡೆದೆ. ಜೇಬಿನಲ್ಲಿ ಸ್ಕ್ರೂಗಳು ಝಣಝಣ ಎನ್ನುತ್ತಿದ್ದವು.