ಒಂದು ಮೊಳಕ್ಕೆ ಒಂದು ಬೆರಳು

ನಮ್ಮ ಮನೆಯ ಜಗಲಿಯ ಮೇಲೆ, ದೇವರ ಫೋಟೊಗಳ ಸಾಲಿನ ಕೊನೆಗೆ, ಒಂದು ಕಟ್ಟಿಗೆಯ ಟ್ಯಾಂಕು ಇತ್ತು. ನೀರಿನದಲ್ಲ, ಯುದ್ಧದ್ದು. ಶಿಗ್ಗಾವಿಯ ನಮ್ಮ ಓಣಿಗೆ ಹೊಸದಾಗಿ ಬಂದವರು ಅದನ್ನು ನೋಡಿ ನಗುತ್ತಿದ್ದರು. ಕಾರಣ ತಿಳಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಅದನ್ನು ಮಾಡಿದವನು ನನ್ನ ಅಣ್ಣ. ಕೆಡಿಸಿದವನು ನಾನು.

ಅಣ್ಣ ಮಿಲಿಟರಿಯಲ್ಲಿ ಟ್ಯಾಂಕ್ ಓಡಿಸುತ್ತಿದ್ದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ಎರಡು ತಿಂಗಳ ರಜೆಗೆ ಊರಿಗೆ ಬಂದಾಗ ಅವ್ವ ಅವನ ಬೆನ್ನು ಹತ್ತಿದಳು. ಅದು ಬಸ್ಸಿನ ಹಾಗೆ ಇರುತ್ತದೆಯೇ, ಕಿಟಕಿ ಇವೆಯೇ, ಬಿಸಿಲು ಬಡಿಯುತ್ತದೆಯೇ, ಹೀಗೆ ಕೇಳಿದ್ದೇ ಕೇಳುವಳು. ಅಣ್ಣ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ. ಅವ್ವನಿಗೆ ಅದು ಆಮೆಯ ಹಾಗೆ ಕಂಡಿತು. ಆಗಲೇ ಪೇಂಟರ್ ಎಂದು ಮೆರೆಯುತ್ತಿದ್ದ ನಾನು ಒಮ್ಮೆ ಬರೆದೆ. ಅದಂತೂ ಅವಳಿಗೆ ಯಾವುದರ ಹಾಗೂ ಕಾಣಲಿಲ್ಲ. ಕೊನೆಗೆ ಅಣ್ಣ ಬಡಿಗೇರ ಮನೆಗೆ ಹೋಗಿ ಸಾಗವಾನಿಯ ತುಂಡುಗಳನ್ನು ಆರಿಸಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತ.

ಅವನು ಕೆಲಸ ಮಾಡಿದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವನ ಬಳಿ ಅಳತೆಪಟ್ಟಿ ಇರಲಿಲ್ಲ. ನಿಜವಾದ ಟ್ಯಾಂಕಿನ ಒಂದು ಮೊಳಕ್ಕೆ ಇಲ್ಲಿ ಒಂದು ಬೆರಳು, ಅದೇ ಲೆಕ್ಕ. ಯಾರ ಬೆರಳು ಎಂದು ನಾನು ಕೇಳಿದೆ. ಅವನದು ದಪ್ಪ, ನನ್ನದು ಕಡ್ಡಿ. ಅಣ್ಣ ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆದು ತಂದು, ಅವಳ ತೋರುಬೆರಳನ್ನು ಕಟ್ಟಿಗೆಯ ಮೇಲೆ ಒತ್ತಿ ಹಿಡಿದು, ಎರಡೂ ಕಡೆ ಪೆನ್ಸಿಲಿನಿಂದ ಗೆರೆ ಹಾಕಿದ. ಅವಳ ಬೆರಳಿನ ಹಿಟ್ಟೂ ಕಟ್ಟಿಗೆಗೆ ಹತ್ತಿತು. ಉದ್ದ ಹದಿನೈದು ಬೆರಳು, ಅಗಲ ಏಳು ಬೆರಳು. ಗಾಲಿಗಳಿಗೆ ಸೋಡಾ ಬಾಟ್ಲಿಯ ಮುಚ್ಚಳ, ಗಾಲಿ ಸುತ್ತುವ ಪಟ್ಟಿಗೆ ಸೈಕಲ್ ಟ್ಯೂಬು, ತೋಪಿಗೆ ಮುರಿದ ಛತ್ರಿಯ ಕಡ್ಡಿ. ಮುಂದುಗಡೆ ಡ್ರೈವರ್ ಇಳಿಯುವ ತೂತು. ಅದರ ಅಗಲ ಸರಿಯಾಗಿ ಅವ್ವನ ಒಂದು ಬೆರಳು. ಅದಕ್ಕೊಂದು ಪುಟ್ಟ ಮುಚ್ಚಳ, ಮುಚ್ಚಳಕ್ಕೆ ಹಳೆಯ ಚಪ್ಪಲಿಯ ತೊಗಲಿನ ಕೀಲು.

ಬಣ್ಣ ನಾನು ಹಚ್ಚುತ್ತೇನೆ ಎಂದರೆ ಅಣ್ಣ ಬೇಡವೆಂದ. ಪೆನ್ಸಿಲಿನ ಗೆರೆಗಳು ಹಾಗೇ ಇರಲಿ, ಅವ್ವನಿಗೆ ಅಳತೆ ಗೊತ್ತಾಗಲಿ ಎಂದ. ನನಗೆ ಸಿಟ್ಟು ಬಂತು. ಬಣ್ಣವಿಲ್ಲದ ವಸ್ತು ನನ್ನ ಕಣ್ಣಿಗೆ ಅರ್ಧ ಮಾಡಿ ಬಿಟ್ಟ ಕೆಲಸದಂತೆ ಕಾಣುತ್ತದೆ. ಈ ಹುಟ್ಟುಗುಣ ನನಗೆ ಅನ್ನ ಹಾಕಿದೆ, ಅಷ್ಟೇ ಅಳಿಸಿಯೂ ಇದೆ.

ಅವ್ವ ಆ ತೂತಿನಲ್ಲಿ ಬೆರಳು ತೂರಿಸಿ ನೋಡಿದಳು. ಇಷ್ಟರಲ್ಲಿ ಆಳು ಹೇಗೆ ಹೋಗುತ್ತಾನೆ ಎಂದು ಕೇಳಿದಳು. ಮೊದಲು ಕಾಲು, ಆಮೇಲೆ ಒಂದು ಹೆಗಲು, ಆಮೇಲೆ ಇನ್ನೊಂದು ಹೆಗಲು, ಎಂದು ಅಣ್ಣ ಮೈ ತಿರುಚಿ ತೋರಿಸಿದ. ಊಟಕ್ಕೆ ಕುಳಿತಾಗ ಅದನ್ನೇ ಹಿಡಿದು ಅವಳನ್ನು ಕಾಡಿದ.

"ಅವ್ವಾ, ನಿನ್ನ ರೊಟ್ಟಿ ಇನ್ನೊಂದು ತಿಂಗಳ ತಿಂದ್ನೆಂದ್ರ ನನಗ ಆ ತೂತಿನ್ಯಾಗ ಹೋಗಾಕ ಬರೂದಿಲ್ಲ ನೋಡು."

ಅವ್ವ ನಕ್ಕು ಅವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು. ಆ ಎರಡು ತಿಂಗಳು ಅವಳು ಅವನಿಗೆ ತಿನ್ನಿಸಿದ್ದು ಅಷ್ಟಿಷ್ಟಲ್ಲ. ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೇಲೆ ಕೆನೆಮೊಸರು. ಯಲವಿಗಿ ಸ್ಟೇಷನ್ನಿನಲ್ಲಿ ಅವನನ್ನು ರೈಲು ಹತ್ತಿಸಲು ಅವ್ವ, ನಾನು ಇಬ್ಬರೂ ಹೋಗಿದ್ದೆವು. ಅಂಗಿಯ ಗುಂಡಿ ಬಿಗಿಯಾಗಿದೆ ಎಂದು ಅಣ್ಣ ಹೊಟ್ಟೆ ಎಳೆದು ತೋರಿಸಿದ. ರೈಲು ಹೋದ ಮೇಲೂ ಅವ್ವ ಅದನ್ನೇ ನೆನೆಸಿ ನಗುತ್ತಿದ್ದಳು.

ಮುಂದೆ ಎರಡು ತಿಂಗಳು ತುಂಬುವುದರೊಳಗೆ ತಂತಿ ಬಂತು. ಅಣ್ಣನ ಅಂತ್ಯಕ್ರಿಯೆಯನ್ನು ಅಲ್ಲಿಯೇ ಮುಗಿಸಿದ್ದರು. ನಮ್ಮ ಪಾಲಿಗೆ ಬಂದದ್ದು ಅವನ ಕರಿಯ ಟ್ರಂಕು, ಮತ್ತು ಅದನ್ನು ತಲುಪಿಸಲು ಬಂದ ಅವನ ಜೊತೆಗಾರ. ಬೆಳಗಾವಿ ಕಡೆಯವನು. ಯುದ್ಧವೇನೂ ಇರಲಿಲ್ಲ. ರಾಜಸ್ಥಾನದಲ್ಲಿ ತಾಲೀಮು ನಡೆದಾಗ ಕಾಲುವೆಯ ದಂಡೆ ಕುಸಿದು ಟ್ಯಾಂಕು ಮಗುಚಿತಂತೆ. ಮೇಲೆ ಕುಳಿತವರು ಹಾರಿಕೊಂಡರು. ಡ್ರೈವರ್ ಕಡೆಯ ಮುಚ್ಚಳ ಕೆಸರಿನಲ್ಲಿ ಹೂತಿತ್ತು. ಒಂದಿಷ್ಟು ತೆರೆಯಿತು, ಪೂರ್ತಿ ತೆರೆಯಲಿಲ್ಲ. ಆ ಮನುಷ್ಯ ಒಳ್ಳೆಯವನು, ಸುಳ್ಳು ಹೇಳಲು ಬರಲಿಲ್ಲ. ಅವನು ಹೇಳಿ ಮುಗಿಸಿದ ಮೇಲೆ ಅವ್ವ ಒಂದೇ ಮಾತು ಕೇಳಿದಳು.

"ಅಂವ ದಪ್ಪಾಗಿದ್ನೇನಪಾ?"

ಇಲ್ಲ ತಾಯಿ, ಹಾಗೇನೂ ಇಲ್ಲ ಎಂದು ಅವನು ಎರಡು ಮೂರು ಸಲ ಹೇಳಿದ. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ನನಗೆ ಆವತ್ತು ತಿಳಿಯಲಿಲ್ಲ.

ಟ್ಯಾಂಕು ಜಗಲಿ ಏರಿದ್ದು ಆಗ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಮೇಲೆ ಅವ್ವ ಆ ತೂತಿನಲ್ಲಿ ಬೆರಳು ಇಳಿಸಿ, ಮೆಲ್ಲಗೆ ತಿರುಗಿಸಿ, ತೆಗೆಯುತ್ತಿದ್ದಳು. ತೂತು ಸಾಕಾಗುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದಳೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಮುಚ್ಚಳವನ್ನು ಮಾತ್ರ ಎಂದೂ ಮುಚ್ಚುತ್ತಿರಲಿಲ್ಲ. ಧೂಳು ಬೀಳುತ್ತದೆ ಎಂದು ನಾನು ಮುಚ್ಚಿದರೆ, ಬಂದು ತೆರೆದು ಹೋಗುತ್ತಿದ್ದಳು. ದಸರೆಯಲ್ಲಿ ಎಲ್ಲರಿಗೂ ಬನ್ನಿ ಕೊಟ್ಟ ಮೇಲೆ ಎರಡು ಎಲೆ ಆ ತೂತಿನೊಳಗೂ ಹಾಕುತ್ತಿದ್ದಳು, ಬನ್ನಿ ತಗೊಂಡು ಬಂಗಾರದ ಹಾಗೆ ಇರು ಎಂದು. ಹಳೆಯ ಎಲೆಗಳನ್ನು ತೆಗೆಯುತ್ತಿರಲಿಲ್ಲ.

ಹೀಗೆ ಒಂಬತ್ತು ಹತ್ತು ವರ್ಷ ಕಳೆದವು. ನನಗೆ ಮದುವೆಯಾಯಿತು, ಪೇಂಟರ್ ಎಂದು ಹೆಸರೂ ಆಯಿತು. ಸವಣೂರಿನಲ್ಲಿ ಅಂಗಡಿ ಬೋರ್ಡು, ಹಿರೇಕೆರೂರಿನಲ್ಲಿ ಲಾರಿಯ ಹಿಂಬದಿ, ಎಲ್ಲಿ ಕರೆದರೂ ಡಬ್ಬಿ ಹಿಡಿದು ಓಡುತ್ತಿದ್ದೆ. ಆಗ ಹಾನಗಲ್ಲಿನ ವ್ಯಾಪಾರಸ್ಥರೊಬ್ಬರು ಹೇಳಿ ಕಳಿಸಿದರು. ಮುಂಬಯಿಯಿಂದ ಮೂರು ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ತರಿಸಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಇಟ್ಟು ಆಡಿಸುವ ಹುಕಿ ಅವರಿಗೆ. ಪೆಟ್ಟಿಗೆಯ ಪ್ಲೈವುಡ್ಡಿನ ಬಣ್ಣ ಕಿತ್ತು ಹೋಗಿತ್ತು. ಅವರು ಗುಂಡಿ ಒತ್ತಿ ಆಡಿ ತೋರಿಸಿದರು. ಪರದೆಯ ಮೇಲೆ ನಾಲ್ಕು ಚೌಕ ಸೇರಿ ಅತ್ತಿತ್ತ ಸರಿದಾಡುತ್ತಿದ್ದವು. ಅದೇ ಟ್ಯಾಂಕು ಎಂದರು. ಇನ್ನೊಂದು ಚುಕ್ಕಿ ಬಂದು ತಾಗಿತು, ಚೌಕಗಳು ಚೂರಾದವು. ಅವರು ನಕ್ಕರು. ನನಗೆ ನಗು ಬರಲಿಲ್ಲ. ಪರದೆಯಲ್ಲಿ ಕಾಣದ್ದು ಪೆಟ್ಟಿಗೆಯ ಮೇಲೆ ಕಾಣಬೇಕು ಪೇಂಟರೇ, ಟ್ಯಾಂಕು, ಜೀಪು, ಲಾರಿ, ಒಂದೊಂದು ಪೆಟ್ಟಿಗೆಗೆ ಒಂದೊಂದು, ಎದುರಿಗೆ ಬಂದ ಹಾಗೆ ಇರಬೇಕು ಎಂದರು. ನಾನು ಆಗಲಿ ಎಂದೆ. ಅಲ್ಲೇ ಅಣ್ಣನ ವಿಷಯ ಹೇಳಿ ಬೇಡ ಅನ್ನಬಹುದಿತ್ತು. ನನ್ನ ಕುಂಚದ ಜಂಭ ಬಿಡಬೇಕಲ್ಲ.

ನೋಡದೆ ಬರೆಯುವುದು ನನಗೆ ಬರುವುದಿಲ್ಲ. ಮಾದರಿ ಎದುರಿಗೆ ಬೇಕು, ಅದರ ಮೇಲೆ ಬಿಸಿಲು ಬೀಳಬೇಕು, ನೆರಳು ಎಲ್ಲಿ ಮುರಿಯುತ್ತದೆ ಎಂದು ಕಣ್ಣಾರೆ ಕಾಣಬೇಕು. ಹಾಗಾಗಿ ಜೀಪು, ಲಾರಿಗಳನ್ನು ನಾನೇ ಕಟ್ಟಿಗೆಯಲ್ಲಿ ಮಾಡಿದೆ. ಬಿರುಕುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಹಸಿರಿಗೆ ಕಂದು ಬೆರೆಸಿ ಹಚ್ಚಿದೆ. ಬಣ್ಣ ಪೂರ್ತಿ ಆರುವ ಮೊದಲು ಗಾಲಿಗಳಿಗೆ ನಮ್ಮ ಊರಿನ ಕೆಂಪು ಮಣ್ಣನ್ನೂ ಸವಣೂರು ಕಡೆಯ ಕಪ್ಪು ಎರೆಮಣ್ಣನ್ನೂ ಸೋಸಿ ಉದುರಿಸಿದೆ. ಹೊಲದಿಂದ ಈಗಷ್ಟೇ ಎದ್ದು ಬಂದ ಹಾಗೆ ಆದವು. ನನ್ನ ಕೆಲಸಕ್ಕೆ ನಾನೇ ಬೆರಗಾದೆ.

ಟ್ಯಾಂಕು ಮಾತ್ರ ಹೊಸದಾಗಿ ಮಾಡಲಿಲ್ಲ. ಮನೆಯಲ್ಲೇ ಇತ್ತಲ್ಲ. ಅವ್ವ ಆಗ ಮಾಸೂರಿಗೆ ನನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಬರುವುದು ಇನ್ನೂ ತಿಂಗಳ ಮೇಲೆ. ನಾನು ಜಗಲಿಯಿಂದ ಟ್ಯಾಂಕು ಇಳಿಸುವಾಗ ನನ್ನ ಹೆಂಡತಿ ಅಡ್ಡ ಬಂದಳು.

"ಅತ್ತಿಯವ್ರು ಬರೂತನಕ ತಡೀರಿ. ಅವರನ್ನ ಕೇಳಿ ತಗೋರಿ."

ಬಣ್ಣದ ವಿಷಯ ನಿನಗೇನು ತಿಳಿಯುತ್ತದೆ ಎಂದು ಅವಳ ಮೇಲೆ ಹರಿಹಾಯ್ದೆ. ಒಂದು ವಾರ ಕಟ್ಟೆಯ ಬಿಸಿಲಿನಲ್ಲಿ ಇಟ್ಟುಕೊಂಡು ವಾಪಸು ಇಡುವುದು, ಇಷ್ಟೇ ನನ್ನ ವಿಚಾರವಾಗಿತ್ತು. ಆದರೆ ಬಣ್ಣ ಹಚ್ಚಿದ ಜೀಪು, ಲಾರಿಗಳ ನಡುವೆ ಅದು ಬೋಳಾಗಿ ಕಂಡಿತು. ಬರಿಯ ಕಟ್ಟಿಗೆಯ ಮೇಲೆ ಬೀಳುವ ನೆರಳು ಬೇರೆ, ಕಬ್ಬಿಣದ ಬಣ್ಣದ ಮೇಲೆ ಬೀಳುವ ನೆರಳು ಬೇರೆ. ತೆರೆದ ಮುಚ್ಚಳ ಗಾಳಿಗೆ ಪಟಪಟ ಬಡಿದು ಒಂದು ಕಡೆ ನಿಲ್ಲುತ್ತಿರಲಿಲ್ಲ, ಬರೆದ ಗೆರೆ ಪ್ರತಿಸಲ ತಪ್ಪುತ್ತಿತ್ತು. ಅದಲ್ಲದೆ ಯುದ್ಧಕ್ಕೆ ಹೊರಟ ಟ್ಯಾಂಕು ಮುಚ್ಚಳ ತೆರೆದುಕೊಂಡು ಹೋಗುತ್ತದೆಯೇ ಎಂದು ನನ್ನಷ್ಟಕ್ಕೆ ನಾನೇ ಜಾಣತನ ಮಾಡಿಕೊಂಡೆ. ಮುಚ್ಚಳದ ಅಂಚಿಗೆ ಅಂಟು ಹಚ್ಚಿ ಒತ್ತಿದೆ. ಸಂದಿಗೆ ಪುಟ್ಟಿ ತುಂಬಿ ಉಜ್ಜಿದೆ. ಇಡೀ ಟ್ಯಾಂಕಿಗೆ ಎರಡು ಕೈ ಹಸಿರು ಬಣ್ಣ ಹೊಡೆದೆ. ಅಣ್ಣನ ಪೆನ್ಸಿಲಿನ ಗೆರೆಗಳು ಮೊದಲ ಕೈಗೇ ಮುಚ್ಚಿಹೋದವು. ಕುಂಚ ಹಿಡಿದಾಗ ನನಗೆ ಅಣ್ಣನೂ ನೆನಪಾಗಲಿಲ್ಲ, ಕಾಲುವೆಯೂ ನೆನಪಾಗಲಿಲ್ಲ. ಇದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಚಿತ್ರ ಮಾತ್ರ ಬಹಳ ಚೆನ್ನಾಗಿ ಬಂತು. ಹಾನಗಲ್ಲಿನಲ್ಲಿ ಜನ ಆಟ ಬಿಟ್ಟು ಪೆಟ್ಟಿಗೆಯನ್ನೇ ನೋಡುತ್ತಾರೆ ಎಂದು ಆ ವ್ಯಾಪಾರಸ್ಥರು ಬಾಯಿತುಂಬ ಹೊಗಳಿದರು. ನಾನು ಉಬ್ಬಿಕೊಂಡೇ ಬಸ್ಸಿನಲ್ಲಿ ಬಂದೆ. ಟ್ಯಾಂಕನ್ನು ಒರೆಸಿ ಜಗಲಿಯ ಮೇಲೆ ಇಟ್ಟೆ. ಹಸಿರು ಬಣ್ಣದಲ್ಲಿ ಹೊಳೆಯುವುದನ್ನು ನೋಡಿ ಅವ್ವ ಖುಷಿಪಡುತ್ತಾಳೆ ಎಂದೇ ತಿಳಿದಿದ್ದೆ.

ಅವ್ವ ಬಂದದ್ದು ಒಂದು ಸೋಮವಾರ ಮುಂಜಾನೆ. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಜಗಲಿಗೆ ಹೋದಳು. ಆ ಹೊತ್ತಿಗಾಗಲೇ ಅವಳ ಕಣ್ಣು ಮಂಜಾಗಿತ್ತು, ಬಣ್ಣ ಅವಳಿಗೆ ಕಾಣಲಿಲ್ಲವೇನೋ. ಕೈ ಮಾತ್ರ ರೂಢಿಯ ಜಾಗಕ್ಕೆ ಹೋಯಿತು. ಬೆರಳು ಇಳಿಯಲಿಲ್ಲ. ಪಕ್ಕಕ್ಕೆ ಸರಿಸಿ ನೋಡಿದಳು, ಮತ್ತೆ ಅಲ್ಲೇ ಒತ್ತಿದಳು. ಉಗುರಿನಿಂದ ಕೆರೆದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಏನು ಮಾಡಿದ್ದೇನೆಂದು ನನಗೆ ತಿಳಿದದ್ದು ಅವಳ ಉಗುರಿನ ಸದ್ದು ಕೇಳಿದಾಗ.

ಅವಳು ನನ್ನ ಕಡೆ ತಿರುಗಿದಳು.

"ಅದನ್ನ ಕೆಸರು ಮುಚ್ಚಿತ್ತು. ಇದನ್ನ ನೀ ಮುಚ್ಚಿದಿ."

ನಾನು ಟ್ಯಾಂಕು ಎತ್ತಿಕೊಂಡು ಕಟ್ಟೆಗೆ ಓಡಿದೆ. ಚಿಮಣಿ ಎಣ್ಣೆ ಸುರಿದೆ, ಉಪ್ಪುಕಾಗದದಿಂದ ಉಜ್ಜಿದೆ. ಬಣ್ಣ ಹೋಯಿತು, ಅದರ ಜೊತೆ ಪೆನ್ಸಿಲಿನ ಗೆರೆಯೂ ಹೋಯಿತು. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಚಾಕುವಿನ ತುದಿ ಸಂದಿಗೆ ಇಟ್ಟು ಒತ್ತಿದೆ, ತೊಗಲಿನ ಕೀಲು ಹರಿಯಿತು. ಉಳಿ ತಂದು ಒಂದು ಏಟು ಹಾಕಿದೆ. ಮುಚ್ಚಳ ಚೂರಾಯಿತು, ಅದರೊಂದಿಗೆ ತೂತಿನ ಸುತ್ತಲಿನ ಕಟ್ಟಿಗೆಯೂ ಸೀಳಿ ಎದ್ದಿತು. ಒಳಗಿನಿಂದ ಒಣಗಿದ ಬನ್ನಿ ಎಲೆಗಳು ಪುಡಿಪುಡಿಯಾಗಿ ಉದುರಿದವು. ಅಂಚು ನೀಟಾಗಲೆಂದು ಕೆರೆದೆ, ಕೆರೆದಷ್ಟೂ ತೂತು ಅಗಲವಾಯಿತು. ಕೈ ನಿಲ್ಲಿಸಿದಾಗ ಅದು ಎರಡು ಬೆರಳಿನಷ್ಟಾಗಿತ್ತು. ಆ ಟ್ಯಾಂಕಿನಲ್ಲಿ ಅಣ್ಣನ ಲೆಕ್ಕ ತಪ್ಪಿದ್ದು ಅದೊಂದೇ ಕಡೆ.

ಹಾಗೇ ತಂದು ಅವ್ವನ ತೊಡೆಯ ಮೇಲೆ ಇಟ್ಟೆ. ಅವಳು ತಡವಿ ತೂತು ಹುಡುಕಿ ತೋರುಬೆರಳು ಇಳಿಸಿದಳು. ಎಂದಿನಂತೆ ಮೆಲ್ಲಗೆ ತಿರುಗಿಸಿದಳು. ಬೆರಳು ಎಲ್ಲಿಯೂ ತಾಗಲಿಲ್ಲ. ಅವಳು ಮತ್ತೊಂದು ಸುತ್ತು ತಿರುಗಿಸಿದಳು. ಆಮೇಲೆ ಮುಖವೆತ್ತಿ, ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು.

"ಇಷ್ಟ ದೊಡ್ಡದಿತ್ತಂದ್ರ ಅಂವ ಹೊರಗ ಬರ್ತಿದ್ದನಪಾ."

ನಾನು ಕಟ್ಟೆಗೆ ಹೋಗಿ ಬನ್ನಿ ಎಲೆಯ ಪುಡಿಯನ್ನು ಒಂದು ಕಾಗದದಲ್ಲಿ ಕೂಡಿಸಿಕೊಂಡು ಬಂದೆ. ಅವ್ವ ಅದನ್ನು ತೆಗೆದುಕೊಂಡು, ಚೆಲ್ಲದ ಹಾಗೆ, ಚಿಟಿಕೆ ಚಿಟಿಕೆಯಾಗಿ ಮತ್ತೆ ಆ ತೂತಿನೊಳಗೆ ಹಾಕಿದಳು.