ಅಪ್ಪ ಮೇಸ್ತ್ರಿಯಾದ ಸಂಜೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಮಾತು ತಾನಾಗಿ ಸಾಯಲಿಲ್ಲ. ಅಪ್ಪನೇ ಅದನ್ನು ಒಂದು ಸಂಜೆ ನಿಲ್ಲಿಸಿದ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ.

ಮೊಮ್ಮಕ್ಕಳೇ, ಈಗ ಇದನ್ನು ಹೇಳಲು ನಿಮ್ಮಲ್ಲೊಬ್ಬಳೇ ಕಾರಣ. ಇಲ್ಲಿ, ಈ ಪರದೇಶದ ಹಾರ್ನ್‌ಬಿ ಊರಿನ ಶಾಲೆಯಲ್ಲಿ ಅವಳಿಗೆ ಅಬೆನಾಕಿ ಜನರ ಪಾಠ. ಅಮೆರಿಕದ ಕಾಡು, ಹೊಳೆಗಳ ಜನವಂತೆ. ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳಿಗೆ ತಮ್ಮ ಮಾತು ಕಲಿಸಲೇ ಇಲ್ಲವಂತೆ. ಈಗ ಅದನ್ನು ಆಡುತ್ತ ಬೆಳೆದವರು ಬೆರಳೆಣಿಕೆಯಷ್ಟು ಜನ.

“ವೈ ಅಜ್ಜಿ? ಸೋ ಸಿಲ್ಲಿ” ಅಂದಳು.

“ಸಿಲ್ಲಿ ಅಲ್ಲ ಕಣೇ, ಹೆದರಿಕೆ” ಅಂದೆ.

ನಮ್ಮದು ಕಾಡಿನಂಚಿನ ಜೇನುಕುರುಬರ ಹಾಡಿ. ಬಿದಿರು ತಟ್ಟಿಯ ಗುಡಿಸಲು, ಕಣ್ಣು ಉರಿಸುವ ಹೊಗೆ, ನನ್ನ ಅಜ್ಜಿಯ ಸೀರೆಯಲ್ಲಿ ಜೇನುಮೇಣದ ವಾಸನೆ. ಅಮ್ಮ ಇರಲಿಲ್ಲ. ಆ ದಿನ ಅಕ್ಕ ಶಾಲೆಯಿಂದ ಬಂದಾಗ ಅಂಗೈ ಬಾತಿತ್ತು. ತರಗತಿಯಲ್ಲಿ ನಮ್ಮ ಮಾತಿನಲ್ಲಿ ನೀರು ಕೇಳಿದ್ದಳು, ಅಷ್ಟೇ. ಅಪ್ಪ ಸೊಪ್ಪು ಅರೆದು ಅವಳ ಕೈಗೆ ಕಟ್ಟಿದ. ಇನ್ನು ಈ ಮನೆಯಲ್ಲಿ ಕನ್ನಡ ಮಾತ್ರ ಅಂದ. ನಮ್ಮ ಮಾತಿನಲ್ಲಿ ಅವನು ಮನೆಯಲ್ಲಿ ಹೇಳಿದ್ದು ಅದೇ ಕೊನೆ.

ಅಪ್ಪನಿಗೆ ಗೊತ್ತಿದ್ದದ್ದು ತಾನು ಕೂಲಿಗೆ ಹೋಗುತ್ತಿದ್ದ ಕಾಫಿ ತೋಟದ ಮೇಸ್ತ್ರಿ ಬೈಯುವ ಕನ್ನಡ ಮಾತ್ರ. ಊಟಕ್ಕೆ ಕೂತಾಗ, “ಏಯ್, ಬೇಗ ಬೇಗ. ಕೈ ನಡೀಲಿ” ಅಂದ. ಅಕ್ಕನಿಗೆ ನಗು ಬಂತು.

“ಏನ್ ನಗು? ಕೂಲಿ ಕಟ್ ಮಾಡ್ಲಾ?”

ಪ್ರೀತಿಯಿಂದ ಹೇಳಲು ಅವನ ಬಳಿ ಕನ್ನಡವೇ ಇರಲಿಲ್ಲ.

“ಮೇಸ್ತ್ರಿ ಮನೆಗೂ ಬಂದ್ನಾ?” ಎಂದು ಅಜ್ಜಿ ನಮ್ಮ ಮಾತಿನಲ್ಲಿ ಕೆಣಕಿದಳು. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿಗೆ ಕನ್ನಡ ಒಂದಕ್ಷರ ಬಾರದು. ನಾವೆಲ್ಲ ಮಾತು ಬಿಟ್ಟರೆ ಅವಳು ಯಾರ ಜೊತೆ ಆಡಬೇಕು? ಇನ್ನೊಂದು ಸಲ ಕೇಳಿದಳು. ಆಮೇಲೆ ಮುದ್ದೆ ಮುಟ್ಟದೆ ಗೋಡೆಗೆ ತಿರುಗಿ ಮಲಗಿದಳು.

ಅಪ್ಪ ತಪ್ಪು ಮಾಡಿದ ಅನ್ನಲಾರೆ. ಅಕ್ಕನ ಕೈಗೆ ಮತ್ತೆ ಪೆಟ್ಟು ಬೀಳಲಿಲ್ಲ. ಮಕ್ಕಳೇ, ನೀವು ಶಾಲೆಯಲ್ಲಿ ಇಲ್ಲಿನ ಮೂಲ ಜನರ ಮಾವೊರಿ ಹಾಡು ಹೇಳಿದರೆ ಟೀಚರ್ ಚಪ್ಪಾಳೆ ತಟ್ಟುತ್ತಾರೆ. ನಮಗೆ ಬೆತ್ತ ಇತ್ತು. ಆದರೆ ನರ್ಸ್ ಆಗಿ ಇಲ್ಲಿಗೆ ಬಂದ ನಿಮ್ಮ ಅಮ್ಮನಿಗೆ ಹಾಡಿಯ ಮಾತು ಬಾರದು, ನಿಮಗೆ ಕನ್ನಡವೇ ಅರ್ಧ. ನನ್ನ ಜೊತೆ ಆ ಮಾತು ಆಡುವವರು ಈ ಊರಿನಲ್ಲಿ ಒಬ್ಬರೂ ಇಲ್ಲ.

ಅಜ್ಜಿಗೆ ಆಗ ನಾನಾದರೂ ಇದ್ದೆ. ಮರುದಿನ ಬೆಳಿಗ್ಗೆ ಅಪ್ಪ ತೋಟಕ್ಕೆ ಹೋದ ಮೇಲೆ, ಅವಳನ್ನು ಎಬ್ಬಿಸಿ ಗೆಣಸು ಅಗೆಯಲು ಕಾಡಿಗೆ ಎಳೆದುಕೊಂಡು ಹೋದೆ. ಹಾಡಿ ಕಾಣದಷ್ಟು ದೂರ ಹೋಗಿ, ನಮ್ಮ ಮಾತಿನಲ್ಲೇ, “ಈಗ ಅಪ್ಪನ್ನ ಬೈಯಜ್ಜಿ” ಅಂದೆ.