ಓಲಂಡ್ ದ್ವೀಪದಿಂದ ತಂದ ಕರಾರು

ಹಡಗು ಇಳಿದಾಗ ದೇಶ ಬದಲಾಗಿದೆ ಎಂದು ಮಗಳು ಸುಮತಿ ಹೇಳಿದಳು. ನಾನು ನಂಬಲಿಲ್ಲ. ಅಂಗಡಿಯ ಬೋರ್ಡುಗಳಲ್ಲಿ ತಲೆಯ ಮೇಲೆ ಸೊನ್ನೆ ಹೊತ್ತ ಅದೇ ಸ್ವೀಡಿಷ್ ಅಕ್ಷರ, ಜನರ ಬಾಯಲ್ಲಿ ಅದೇ ಮಾತು. ಆದರೂ ಆ ಓಲಂಡ್ ದ್ವೀಪ ಫಿನ್ಲೆಂಡಿನದಂತೆ.

ಸ್ವೀಡನ್ನಿನ ಸೋಲ್ನಾದಲ್ಲಿ ಮಗಳ ಮನೆ ಸೇರಿ ನನಗೆ ಇದು ಮೂರನೇ ವರ್ಷ. ಚಳಿ ಅಭ್ಯಾಸವಾಯಿತು, ಮೆಟ್ರೊ ಒಬ್ಬಳೇ ಹತ್ತುತ್ತೇನೆ. ಅಭ್ಯಾಸವಾಗದ್ದು ಏಳು ವರ್ಷದ ಮೊಮ್ಮಗಳು ಆಭಾಳ ಉತ್ತರ. ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಹೇಳುತ್ತಾಳೆ. ನನ್ನನ್ನು ಕರೆಯುವುದೂ ಮೊರ್ಮೊರ್ ಎಂದು. ತಾಯಿಯ ತಾಯಿಗೆ ಇಲ್ಲಿ ಹಾಗೆನ್ನುತ್ತಾರೆ. ಎರಡು ಭಾಷೆ ಕಲಸಿದರೆ ಮಗುವಿಗೆ ಗೊಂದಲ ಎಂದು ಸುಮತಿಯೂ ಅವಳೊಡನೆ ಸ್ವೀಡಿಷನ್ನೇ ಆಡುತ್ತಿದ್ದಳು. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ಆ ಮಗುವಿಗೂ ನನಗೂ ಮಾತೇ ಇರುವುದಿಲ್ಲ.

ದ್ವೀಪದ ಹೋಟೆಲಿನಲ್ಲಿ ನನ್ನದೇ ಪ್ರಾಯದ ಹೆಂಗಸು ರವೆಗೆ ಏಲಕ್ಕಿ ಹಾಕಿ ಬೇಯಿಸಿದ ಸಿಹಿ ತಂದಿಟ್ಟಳು. ಅವಳು ಹೇಳಿದ್ದನ್ನು ಸುಮತಿ ಕನ್ನಡ ಮಾಡಿದಳು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಇವರ ಹಿರಿಯರು ಸ್ವೀಡನ್ನಿಗೆ ಸೇರುತ್ತೇವೆ ಎಂದು ಸಹಿ ಹಾಕಿದ್ದರಂತೆ. ಫಿನ್ಲೆಂಡು ಬಿಡಲಿಲ್ಲ. ಕೊನೆಗೆ ಹಲವು ದೇಶದವರು ಕೂತು ತೀರ್ಮಾನಿಸಿದರು: ನೆಲ ಫಿನ್ಲೆಂಡಿಗೆ, ಭಾಷೆ ಸ್ವೀಡಿಷೇ, ದ್ವೀಪದಲ್ಲಿ ಸೈನ್ಯ ಇರಕೂಡದು.

"ಸೋತದ್ದೋ ಗೆದ್ದದ್ದೋ ಕೇಳು," ಎಂದೆ.

ಆ ಹೆಂಗಸು ಮೇಜು ಒರೆಸುತ್ತ ಹೇಳಿದ್ದು ಇಷ್ಟು: "ಕೇಳಿದ್ದು ಸಿಗಲಿಲ್ಲ. ಆದರೆ ಮೊಮ್ಮಕ್ಕಳು ನನ್ನ ಮಾತಲ್ಲೇ ನನ್ನ ಹತ್ತಿರ ಜಗಳ ಆಡ್ತಾರೆ."

ನನಗೆ ಹೊಟ್ಟೆಕಿಚ್ಚಾಯಿತು. ನಮ್ಮದು ಕಾಸರಗೋಡಿನ ಹತ್ತಿರದ ಊರು. ನಾನು ಚಿಕ್ಕವಳಿದ್ದಾಗ ಭಾಷೆ ನೋಡಿ ರಾಜ್ಯ ವಿಂಗಡಿಸಿದರು. ಕನ್ನಡ ಆಡುವ ನಮ್ಮ ಊರು ಕೇರಳದ ಪಾಲಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆ ಮೂರು ಕ್ಲಾಸಿನ ಕನ್ನಡವನ್ನು ಅಲ್ಲಿಯೇ ಯಾರಿಗೂ ಬಿಟ್ಟುಕೊಟ್ಟಿಲ್ಲ. ಇಲ್ಲಿ ಬಿಡುವುದೇ?

ವಾಪಸು ಬರುವ ಹಡಗಿನಲ್ಲೇ ಸುಮತಿಗೆ ಕರಾರು ಹೇಳಿದೆ. ಟೀವಿ ಇರುವ ಚಾವಡಿ ಸ್ವೀಡನ್ನಿನದು, ಅಲ್ಲಿ ನಾನು ತಲೆ ಹಾಕುವುದಿಲ್ಲ. ಅಡುಗೆಮನೆ ಕನ್ನಡದ್ದು. ಅಲ್ಲಿ ಯಾರೂ ಯಾರನ್ನೂ ಗದರಿಸಬಾರದು. ಅವಳು ನಕ್ಕು ಒಪ್ಪಿದಳು, ತಮಾಷೆ ಎಂದುಕೊಂಡು.

ಮರುದಿನ ಬೆಳಿಗ್ಗೆ ಆಭಾ ಸ್ವೀಡಿಷಿನಲ್ಲಿ ದೋಸೆ ಕೇಳಿದಳು. "ಇಲ್ಲಿ ಕನ್ನಡ," ಎಂದು ನಾನು ಒಲೆ ಆರಿಸಿದೆ.

"ಅಮ್ಮಾ, ಮಗುವಿಗೆ ಹಸಿವೆ ಆಗ್ತಾ ಉಂಟು."

"ನಾನೂ ತಿಂದಿಲ್ಲ," ಎಂದೆ.

ಕಾವಲಿ ತಣ್ಣಗಾಗುವವರೆಗೆ ಮೂವರೂ ನಿಂತೆವು. ಆಮೇಲೆ ಆಭಾ ಮುಖ ಕೆಂಪು ಮಾಡಿಕೊಂಡು, "ಅಜ್ಜಿ, ನೀನು ತುಂಬಾ ಕೆಟ್ಟವಳು. ದೋಸೆ ಕೊಡು," ಎಂದಳು.

ಎರಡು ಹಾಕಿದೆ. ತುಪ್ಪ ಹೆಚ್ಚೇ ಬಿತ್ತು.

ಕರಾರು ನನಗೂ ಅನ್ವಯ. ಚಾವಡಿಯಲ್ಲಿ ಅವರ ಮಾತು ಅರ್ಧವೂ ತಿಳಿಯದೆ ಕೂತಿರುತ್ತೇನೆ, ಬಾಯಿ ಬಿಡುವುದಿಲ್ಲ. ಅಲ್ಲಿ ನಾನು ಮೊರ್ಮೊರ್, ಅಡುಗೆಮನೆಗೆ ಬಂದರೆ ಅಜ್ಜಿ. ಎರಡಕ್ಕೂ ಓಗೊಡುತ್ತೇನೆ. ದಿನಕ್ಕೆ ಹತ್ತು ಸಲ ಆ ಹೊಸ್ತಿಲು ದಾಟುತ್ತೇನೆ. ಯಾರೂ ಪಾಸ್‌ಪೋರ್ಟು ಕೇಳುವುದಿಲ್ಲ.